ಗಿಣ್ಣಿಗೆ ಬದಲು ಚಿತ್ರಾನ್ನ

ಸಾಲ ಪಡೆದವರ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಬಾರದು ಎಂಬುದು ನಮ್ಮ ಬ್ಯಾಂಕಿನ ಕಟ್ಟಪ್ಪಣೆ. ಅದನ್ನು ದುದ್ದದ ಹತ್ತಿರದ ಹಳ್ಳಿಯೊಂದರ ಪುಟ್ಟಮ್ಮನಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮಹಿಳಾ ಸಂಘದ ಮೂಲಕ ಸಾಲ ಪಡೆದು ಅವರು ಒಂದು ಹಸು ಕೊಂಡಿದ್ದರು. ಅದು ನಿಜಕ್ಕೂ ಕೊಟ್ಟಿಗೆಯಲ್ಲಿದೆಯೇ ಎಂದು ನೋಡಿಬರುವುದು ನನ್ನ ಕೆಲಸ. ಹಸು ಇತ್ತು, ಪಕ್ಕದಲ್ಲಿ ಎಳೆಯ ಕರುವೂ ಇತ್ತು. ಹೊರಡುವಾಗ ಪುಟ್ಟಮ್ಮ ಮೊದಲ ಹಾಲಿನ ಗಿಣ್ಣನ್ನು ಸ್ಟೀಲ್ ಡಬ್ಬಿ ತುಂಬ ತಂದು ಮುಂದೆ ಹಿಡಿದರು.

"ಬೇಡಮ್ಮ, ನಾವು ತಗೊಳ್ಳೋ ಹಾಗಿಲ್ಲ."

ಅವರ ಮುಖ ಸಪ್ಪಗಾಯಿತು. "ಇಷ್ಟು ವರ್ಸ ಕಂಡೋರ ಹಸ ಮೇಯಿಸ್ಕೊಂಡು, ಅವರು ಕೊಟ್ಟ ಗಿಣ್ಣು ತಿಂದಿವ್ನಿ ಸಾ. ನಮ್ಮನೆಯಿಂದ ಗಿಣ್ಣು ಆಚೆಗೆ ಓಯ್ತಿರೋದು ಇದೇ ಮೊದ್ಲು. ಬ್ಯಾಡ ಅನ್ಬ್ಯಾಡಿ."

ನಾನು ತಡವರಿಸುವುದನ್ನು ನೋಡಿ ಅವರೇ ದಾರಿ ತೋರಿಸಿದರು. "ಗಿಣ್ಣು ಕೊಟ್ಟ ಪಾತ್ರೆನ ಯಾರೂ ಬರಿದಾಗಿ ವಾಪಸ್ ಕೊಡಾಕಿಲ್ಲ. ನೀವೂ ಏನಾರ ಆಕ್ಕೊಡಿ. ಆಗ ಬಿಟ್ಟಿ ತಗೊಂಡಂಗಾಯ್ತದಾ?"

ನನ್ನ ಚೀಲದಲ್ಲಿದ್ದದ್ದು ಹೆಂಡತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ ಮಾತ್ರ. ಗಿಣ್ಣು ನನ್ನ ಊಟದ ಡಬ್ಬಿಗೆ ಬಂತು, ಚಿತ್ರಾನ್ನ ಅವರ ಡಬ್ಬಿಗೆ ಹೋಯಿತು. ಪುಟ್ಟಮ್ಮ ಅಲ್ಲೇ ಒಂದು ತುತ್ತು ಬಾಯಿಗಿಟ್ಟುಕೊಂಡು ನಕ್ಕರು. "ಸಂದಾಗದೆ ಸಾ. ಉಪ್ಪು ಒಸಿ ಕಮ್ಮಿ."

ಸಂಜೆ ಹಾಸನದ ಮನೆಯಲ್ಲಿ ಹೆಂಡತಿ ಗಿಣ್ಣು ತಿನ್ನುತ್ತ, ಚಿತ್ರಾನ್ನ ಹೇಗಿತ್ತು ಅಂತ ಕೇಳಿದಳು.

"ಪುಟ್ಟಮ್ಮನಿಗೆ ಬಹಳ ಹಿಡಿಸಿತು" ಅಂದೆ.

ತಪಾಸಣೆಗೆ ಹೋದಾಗ ಕಂಡದ್ದು ಕೇಳಿದ್ದನ್ನೆಲ್ಲ ವರದಿ ಮಾಡಬೇಕೆಂಬ ನಿಯಮ ಬ್ಯಾಂಕಿಗೆ ಮಾತ್ರ.