ಎರಡು ಕೇಜಿಯ ನೀರು

ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಬೈಕಿನಲ್ಲಿ ವೈದ್ಯನಾಥಪುರಕ್ಕೆ ಬಂದು, ಸಂಜೆ ಐದಕ್ಕೆ ಗರಡಿಯ ಬಾಗಿಲು ತೆಗೆಯುವುದು ಮರಿಸಿದ್ದಯ್ಯನ ಹದಿನೆಂಟು ವರ್ಷದ ರೂಢಿ. ಅವನ ಬಳಿ ಕುಸ್ತಿ ಕಲಿತವರಲ್ಲಿ ಅರ್ಪಿತಳಂಥ ಹಿಡಿತ ಯಾರಿಗೂ ಇರಲಿಲ್ಲ. ಇಪ್ಪತ್ತರ ಹುಡುಗಿ, ಅದೇ ಊರಿನ ಚಲುವಮ್ಮನ ಒಬ್ಬಳೇ ಮಗಳು.

ಹೋದ ವರ್ಷದ ಮಾರ್ಚಿನಲ್ಲಿ ಮಂಡ್ಯದಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು. ಅವಳದು ಐವತ್ಮೂರು ಕೇಜಿ ವಿಭಾಗ. ಮೂರು ದಿನ ಮುಂಚೆ ತೂಕ ನೋಡಿದರೆ ಐವತ್ತೈದು.

"ಎಲ್ಡು ಕೇಜಿ ಏನ್ ಮಾಡದು ಸಾರ್?"

"ನೀರು ನಿಲ್ಸು. ಸ್ವೆಟರ್ ಆಕ್ಕೊಂಡು ಓಡು. ನಾವೆಲ್ಲ ಅಂಗೇ ಇಳಿಸ್ಕೊಂಡೋರು ಕಣಮ್ಮ," ಎಂದ ಮರಿಸಿದ್ದಯ್ಯ. ಪ್ರಾಯದಲ್ಲಿ ಹಾಗೆ ಮಾಡಿ ತಾನೊಮ್ಮೆ ತಲೆಸುತ್ತಿ ಬಿದ್ದದ್ದು ಅವನಿಗೆ ನೆನಪಿತ್ತು. ಅದನ್ನು ಹೇಳಲಿಲ್ಲ.

ಎರಡು ದಿನ ಅವಳು ಶಿಂಷಾ ದಡದಲ್ಲಿ ಬಿಸಿಲಿನಲ್ಲೇ ಓಡಿದಳು. ಬಾಯಿ ಒಣಗಿದಾಗ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡಳು. ಆಯ್ಕೆಯ ಬೆಳಿಗ್ಗೆ ತೂಕ ಐವತ್ತೆರಡು ಮುಕ್ಕಾಲು ಬಂತು. ಮರಿಸಿದ್ದಯ್ಯ ಬೆನ್ನು ತಟ್ಟಿದ. ಅವಳು ಗಟಗಟನೆ ಒಂದು ಲೀಟರ್ ನೀರು ಕುಡಿದು, ಅಷ್ಟನ್ನೂ ವಾಂತಿ ಮಾಡಿಕೊಂಡಳು.

ಎದುರಾಳಿ ಮಳವಳ್ಳಿಯ ಅಮೃತ. ಹಿಂದೆ ಎರಡು ಸಲ ಅರ್ಪಿತಳ ಕೈಯಲ್ಲಿ ಸೋತವಳು. ಅಂದು ಅರ್ಪಿತ ಹಾಕಿದ ಹಿಡಿತವೆಲ್ಲ ಜಾರಿತು. ಒಂದೇ ನಿಮಿಷಕ್ಕೆ ಏದುಸಿರು ಬಂತು, ಮೀನಖಂಡ ಸೆಟೆದುಕೊಂಡಿತು. ಅಮೃತ ತಳ್ಳಿದ್ದು ಅಷ್ಟೇನೂ ಜೋರಾಗಿರಲಿಲ್ಲ. ಅರ್ಪಿತ ಬಿದ್ದವಳು ಏಳಲಿಲ್ಲ. "ಏಳು, ಏಳು" ಎಂದು ಕೂಗುತ್ತಿದ್ದ ಮರಿಸಿದ್ದಯ್ಯನಿಗೆ, ಅವಳ ಕಣ್ಣು ತನ್ನನ್ನು ಗುರುತಿಸುತ್ತಿಲ್ಲ ಎಂಬುದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು.

"ಮೈಯಲ್ಲಿ ನೀರಿಲ್ಲದಿದ್ರೆ ರಕ್ತ ಸರಿಯಾಗಿ ಓಡಾಡಲ್ಲ. ಕೈಕಾಲಿಗೆ ಬಲ ಎಲ್ಲಿಂದ ಬರಬೇಕು? ಕಿಡ್ನಿಗೂ ಪೆಟ್ಟಾಗಿದೆ," ಎಂದರು ಡಾಕ್ಟರು.

ಚಲುವಮ್ಮ ಮರಿಸಿದ್ದಯ್ಯನನ್ನೇ ನೋಡಿದಳು. "ನೀರು ಕುಡೀಬ್ಯಾಡ ಅಂದೋರ್ಯಾರು ಮರಿಸಿದ್ದಣ್ಣ?"

"ನಾನೇ ಕಣಮ್ಮ."

ಚಲುವಮ್ಮ ಮಗಳ ಮಂಚದ ಕಡೆ ತಿರುಗಿದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಮೂರು ತಿಂಗಳ ಮೇಲೆ ಅರ್ಪಿತ ಗರಡಿಗೆ ಮರಳಿದಳು. ಇನ್ನು ಐವತ್ತೇಳು ಕೇಜಿಯಲ್ಲೇ ಆಡು ಎಂದ ಮರಿಸಿದ್ದಯ್ಯ.

"ಅಲ್ಲಿರೋರೆಲ್ಲ ನನಗಿಂತ ದಪ್ಪ ಸಾರ್. ಐವತ್ಮೂರಕ್ಕೇ ಇಳೀತೀನಿ. ಈ ಸಲ ಉಸಾರಾಗಿ ಮಾಡ್ತೀನಿ."

"ಆ ಮಾತು ಬುಡು. ನಾನು ಮಾಡ್ಸಾಕಿಲ್ಲ."

"ಅವತ್ತು ನೀವೇ ಯೋಳಿದ್ರಿ."

"ಯೋಳ್ದೆ. ತೆಪ್ಪಾಯ್ತು."

ಮರುದಿನದಿಂದ ಅವಳು ಬರಲಿಲ್ಲ. ಮಂಡ್ಯದಲ್ಲಿ ರಘುನಂದನ್ ಎಂಬ ಕೋಚ್ ಬಳಿ ಸೇರಿದ್ದಾಳೆ, ಮುಂದಿನ ಪಂದ್ಯಾವಳಿಗೆ ಐವತ್ಮೂರಕ್ಕೇ ಹೆಸರು ಕೊಟ್ಟಿದ್ದಾಳೆ ಎಂದು ತಿಳಿಯಿತು. ಮರಿಸಿದ್ದಯ್ಯ ಒಂದು ದಿನ ರಜೆ ಹಾಕಿದ. ಚಲುವಮ್ಮನಿಂದ ಡಾಕ್ಟರ ಚೀಟಿ ಇಸಕೊಂಡು ಮಂಡ್ಯಕ್ಕೆ ಹೋಗಿ, ರಘುನಂದನ್ ಮುಂದಿಟ್ಟು, ನಡೆದದ್ದನ್ನೆಲ್ಲ ತನ್ನ ತಪ್ಪೂ ಸೇರಿಸಿ ಹೇಳಿದ. ರಘುನಂದನ್ ಅಂದೇ ಅವಳ ಹೆಸರನ್ನು ಐವತ್ತೇಳಕ್ಕೆ ಬದಲಿಸಿದ.

ಆ ವಿಭಾಗದಲ್ಲಿ ಅವಳು ಪಂದ್ಯದ ಆರು ನಿಮಿಷವೂ ಸೆಣಸಿ, ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತಳು.

ಚೀಟಿ ತಂದವನು ಮರಿಸಿದ್ದಯ್ಯನೇ ಎಂದು ತಿಳಿದು ಅವಳು ಅವನೊಡನೆ ಮಾತು ಬಿಟ್ಟು ಎಂಟು ತಿಂಗಳಾಯಿತು. ಮದ್ದೂರು ಬಸ್ ನಿಲ್ದಾಣದಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಅವಳ ಸಿಟ್ಟು ನ್ಯಾಯವೆಂದೇ ಮರಿಸಿದ್ದಯ್ಯನಿಗೆ ಅನ್ನಿಸುತ್ತದೆ. ಅವನು ಕೂಗಿ ಕರೆಯುವುದಿಲ್ಲ.