ಒಂದು ದಿನದ ಟೈರು ಬಿಚ್ಚಿದ ಬಂಡೆಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೈದರಾಬಾದಿನ ಮಣಿಕೊಂಡದ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಬಂಡೆಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಕಬ್ಬಿಣದ ಸಲಾಕೆಯ ಮೇಲೆ ಮೈಭಾರ ಹಾಕಿ ನಿಂತಿದ್ದಾರೆ. ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಪಾಳಿ ಮುಗಿಸಿ ಬಂದ ಕ್ಯಾಬ್ ಡ್ರೈವರು ಪಕ್ಕದ ಕಲ್ಲಿನ ಮೇಲೆ ಕೂತು ತೂಕಡಿಸುತ್ತಿದ್ದಾನೆ. ಆತ ಹೊಸದಾಗಿ ಕೊಂಡು ತಂದ ಟೈರಿನ ರಬ್ಬರಿಗೆ ಬಂಡೆಮ್ಮ ಹೆಬ್ಬೆರಳ ಉಗುರು ಒತ್ತಿ ನೋಡುತ್ತಾರೆ. ಉಗುರು ಇಳಿಯುವುದಿಲ್ಲ. ಅವರ ಮುಖ ಗಂಟಾಗುತ್ತದೆ.

"ಇದು ಭಾಳ ಗಟ್ಟಿ ಐತ್ರೀ. ಬ್ಯಾಸಗ್ಯಾಗ ಸವೆಯಂಗಿಲ್ಲ, ಖರೆ. ಆದ್ರ ಮಳ್ಯಾಗ ರೋಡ್ ಹಿಡಿಯಂಗಿಲ್ಲ" ಎನ್ನುತ್ತಾರೆ. "ಸವೆಯೋದು ಟೈರಿನ ಧರ್ಮ. ಸವೆಯಾಕ ಒಲ್ಲೆ ಅನ್ನೋ ಟೈರು ನಮ್ಮನ್ನ ಹ್ಯಾಂಗ ಕಾಯ್ತೈತಿ?"

ಹಾಗಂತ ಮೆತ್ತನೆಯದೇ ಒಳ್ಳೆಯದೆಂದು ಅವರು ಹೇಳುವುದಿಲ್ಲ. ಹೈದರಾಬಾದಿನ ಏಪ್ರಿಲ್ ಬಿಸಿಲಿಗೆ ಕಾದ ಡಾಂಬರು ಮೆತ್ತನೆಯ ರಬ್ಬರನ್ನು ಸೋಪಿನಂತೆ ಕರಗಿಸಿಬಿಡುತ್ತದೆ. ಊರೊಳಗೆ ಓಡಿಸುತ್ತೀರೋ ಹೆದ್ದಾರಿಯಲ್ಲೋ, ಮಂದಿ ಎಷ್ಟು ಕೂರುತ್ತಾರೆ ಎಂದೆಲ್ಲ ಕೇಳಿಯೇ ಅವರು ನಡುವಿನದೊಂದು ಟೈರು ಹೇಳುವುದು. ನೀರು ಹೊರಗೆ ಹೋಗಲು ಅಗಲವಾದ ಸಾಲುಗಳಿರಬೇಕು, ಹೊಲದಲ್ಲಿ ಸಾಲು ಬಿಟ್ಟ ಹಾಗೆ. ಎರಡೇ ಕೊಳ್ಳುವ ಶಕ್ತಿ ಇದ್ದರೆ ಆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಡ್ರೈವರುಗಳು ಮುಂದಕ್ಕೇ ಹಾಕೆಂದು ಹಟ ಹಿಡಿಯುತ್ತಾರೆ. ಮುಂದಿನದು ಜಾರಿದರೆ ಕೈಯಲ್ಲಿ ಸ್ಟೇರಿಂಗ್ ಇದೆ, ಹಿಂದಿನದು ಜಾರಿದರೆ ಏನಿದೆಯಪ್ಪಾ ಎಂದು ಬಂಡೆಮ್ಮ ಕೇಳಿದ ಮೇಲೆ ಹಿಂದಕ್ಕೇ ಹಾಕಿಸಿಕೊಳ್ಳುತ್ತಾರೆ.

ಬಂಡೆಮ್ಮ ಶಹಾಪುರ ತಾಲ್ಲೂಕಿನವರು. ಈಗ ಫಳಫಳ ಹೊಳೆಯುವ ಗಾಜಿನ ಕಟ್ಟಡಗಳಿಗೆ ಉಸುಕು ಹೊರಲು ಗಂಡ ಬೂದೆಪ್ಪನ ಜೊತೆ ಬಂದವರು. ಬೂದೆಪ್ಪ ಒಬ್ಬ ಉಸ್ತಾದನ ಕೈಕೆಳಗೆ ಟೈರಿನ ಕೆಲಸ ಕಲಿತರು, ಹೆಂಡತಿಗೂ ಕಲಿಸಿದರು. ಜ್ಯಾಕು ಜಾರಿ ಅವರ ಸೊಂಟ ಮುರಿದ ಮೇಲೆ ಸಲಾಕೆ ಬಂಡೆಮ್ಮನ ಕೈಗೆ ಬಂತು. ಹೆಂಗಸು ಹಾಕಿದ ಗಾಲಿ ಬಿಗಿಯಾಗಿರುತ್ತದೆಯೇ ಎಂದು ಹಲ್ಲು ಕಿಸಿದ ಗಂಡಸರಿಗೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟೋ ಜನ ಈಗ 'ಅಕ್ಕಾ, ಜರ ದೇಖೋ', ಸ್ವಲ್ಪ ನೋಡು ಎಂದು ಬಂದು ನಿಲ್ಲುತ್ತಾರೆ.

ಕಳೆದ ವರ್ಷದವರೆಗೆ ಅವರಿಗೊಂದು ತಗಡಿನ ಶೆಡ್ಡಿತ್ತು. ಸಾಫ್ಟ್‌ವೇರ್ ಕಂಪನಿಗಳಿಗೆ ಕ್ಯಾಬು ಓಡಿಸುವ ಟ್ರಾವೆಲ್ಸ್ ಮಾಲೀಕನೊಬ್ಬ ತನ್ನ ಆವರಣದಲ್ಲಿ ಜಾಗ ಕೊಟ್ಟಿದ್ದ. ಅವನ ಗಾಡಿಗಳ ಟೈರಿನ ಕೆಲಸವೆಲ್ಲ ಇವರದೇ. ಸಂಸಾರ ನಡೆಯುತ್ತಿದ್ದುದು ಅದರಿಂದಲೇ.

ಆ ಆವರಣದಲ್ಲಿ ಒಂದು ಪದ್ಧತಿಯಿತ್ತು. ಕೇಳಿದರೆ ಮೈ ಉರಿಯುತ್ತದೆ. ನಾಲ್ಕು ಹೊಚ್ಚ ಹೊಸ ಟೈರುಗಳು ಗೋಣಿತಟ್ಟಿನೊಳಗೆ ಸದಾ ಬೆಚ್ಚಗೆ ಮಲಗಿರುತ್ತಿದ್ದವು. ಯಾವುದಾದರೂ ಗಾಡಿಗೆ ಫಿಟ್‌ನೆಸ್ ತಪಾಸಣೆ ಬಂದರೆ ಅವು ಹೊರಬರಬೇಕು. ಬೆಳಿಗ್ಗೆ ಬೋಳು ಟೈರು ಬಿಚ್ಚಿ ಇವನ್ನು ಹಾಕುವುದು, ಮುದ್ರೆ ಒತ್ತಿಸಿಕೊಂಡು ಬಂದ ಮೇಲೆ ಸಂಜೆ ಮತ್ತೆ ಬೋಳನ್ನೇ ಹಾಕುವುದು. ಎಲ್ಲ ಕ್ಯಾಬಿಗೂ ಅದೇ ನಾಲ್ಕು! ಮದುವೆಗೆ ಎರವಲು ಒಡವೆ ತರುವವರೂ ಇದಕ್ಕಿಂತ ನಾಚಿಕೆ ಉಳ್ಳವರು. ಕಂಪನಿಯವರಾದರೂ ನೋಡಿದರೇ? ಸೀಟಿನ ಕವರು ಬಿಳುಪಾಗಿದೆಯೇ, ಸುಗಂಧದ ಡಬ್ಬಿ ಇದೆಯೇ ಎಂದು ನೋಡಿದರು. ಬಗ್ಗಿ ಟೈರು ನೋಡಿದವರು ಒಬ್ಬರಿಲ್ಲ. ಮೇಲೆ ಥಳಕು, ಒಳಗೆ ಹುಳುಕು.

ಬಂಡೆಮ್ಮ ಹೇಳದೆ ಇರಲಿಲ್ಲ. ಮೃಗಶಿರ ಮಳೆ ಕೂಡುವುದರೊಳಗೆ ಬದಲಿಸಿ ಎಂದು ಪ್ರತಿ ಬೇಸಿಗೆಯಲ್ಲೂ ಗೋಗರೆದಿದ್ದಾರೆ. ಬಿಸಿಲಿಗೆ ಹೊಸ ಟೈರು ದಂಡ, ಮಳೆ ಬಂದ ಮೇಲೆ ನೋಡೋಣ ಎನ್ನುವುದು ಮಾಲೀಕನ ವರಸೆ. ಮಳೆ ಬಂದ ಮೇಲೆ ನೋಡುವುದೇನಿದೆ, ಹೆಣವೇ?

ಕಳೆದ ವರ್ಷ ನಾಂಪಲ್ಲಿ ಮೈದಾನದಲ್ಲಿ ಉಬ್ಬಸಕ್ಕೆ ಕೊಡುವ ಮೀನಿನ ಮದ್ದಿಗೆ ಜನ ನೆರೆದ ದಿನವೇ ಮೊದಲ ಮಳೆ ಬಿತ್ತು. ಸೇಡಂ ಕಡೆಯ ಪರಮೇಶ ಆ ಆವರಣದ ಕ್ಯಾಬು ಓಡಿಸುತ್ತಿದ್ದ. ಮಲ್ಕಾಜ್‌ಗಿರಿಯ ರೈಲ್ವೆ ನೌಕರರೊಬ್ಬರ ಮಗಳು ಮೃಣಾಲಿನಿಯನ್ನು ಕೆಲಸಕ್ಕೆ ಕರೆತರುತ್ತಿದ್ದ. ತಿರುವಿನಲ್ಲಿ ಬ್ರೇಕು ಒತ್ತಿದ, ಗಾಡಿ ನಿಲ್ಲಲಿಲ್ಲ. ಡಿವೈಡರಿಗೆ ಬಡಿಯಿತು. ಹುಡುಗಿಯ ಭುಜದ ಮೂಳೆ ಮುರಿಯಿತು, ಜೀವ ಉಳಿಯಿತು. ಗಾಡಿ ನಿಧಾನವಾಗಿಯೇ ಹೋಗುತ್ತಿತ್ತು ಎಂದು ಆಕೆ ಆಸ್ಪತ್ರೆಯ ಮಂಚದ ಮೇಲಿಂದಲೇ ಹೇಳಿದಳು.

ಯಾರು ಕೇಳಬೇಕು? ಮಾಲೀಕ ತಪಾಸಣೆಯ ಮುದ್ರೆ ತೋರಿಸಿದ. ಟೈರು ಚೆನ್ನಾಗಿಯೇ ಇತ್ತು, ಮೊನ್ನೆ ತಾನೇ ಪಾಸಾಗಿದೆ, ಈತ ಅಡ್ಡಾದಿಡ್ಡಿ ಓಡಿಸಿ ಕೆಡಿಸಿದ ಎಂದ. ಪರಮೇಶನ ಲೈಸೆನ್ಸು ಹೋಯಿತು, ಮೇಲೆ ಕೇಸು. ಕಂಪನಿಯವರು ಹುಡುಗಿಗೆ ಹೂಗುಚ್ಛ ಕಳಿಸಿ, ಡ್ರೈವರುಗಳನ್ನು ಕೂರಿಸಿ ನಿಧಾನವಾಗಿ ಓಡಿಸಿ ಎಂದು ಭಾಷಣ ಬಿಗಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದು. ಇಲ್ಲಿ ಹಾಕಿದ್ದೂ ತಪ್ಪು ಬಾಗಿಲು.

ಆ ಗಾಡಿ ಪಾಸಾಗಿ ಬಂದ ಸಂಜೆ ಹೊಸ ಟೈರು ಬಿಚ್ಚಿದವರು ಬಂಡೆಮ್ಮ. ಮಾಲೀಕ ಎದುರಿಗೇ ನಿಂತು ಬಿಚ್ಚಿಸಿದ್ದ. ಪರಮೇಶನ ಮೇಲೆ ಕೇಸಾದ ಸುದ್ದಿ ಕೇಳಿ ಎರಡು ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಬಾಯಿ ಬಿಟ್ಟರೆ ಶೆಡ್ಡು ಹೋಗುತ್ತದೆ, ಬಿಡದಿದ್ದರೆ ಪರಮೇಶ ಜೈಲಿಗೆ ಹೋಗುತ್ತಾನೆ. ಕೊನೆಗೆ ಬೂದೆಪ್ಪನೇ ಅಂದರಂತೆ, "ಇಬ್ರೂ ಉಸುಕು ಹೊತ್ತು ಬದುಕೀವಿ. ಮತ್ತ ಹೊರೂಣು, ನಡಿ."

ಠಾಣೆಯಲ್ಲಿ ಮೊದಲ ದಿನ ಯಾರೂ ಕಿವಿಗೊಡಲಿಲ್ಲ. ಟೈರಿನ ಹೆಂಗಸಿಗೆ ಇಲ್ಲೇನು ಕೆಲಸ ಎಂದು ತೆಲುಗಿನಲ್ಲಿ ಗದರಿಸಿ ಕಳಿಸಿದರು. ಮರುದಿನವೂ ಹೋದರು, ಅದರ ಮರುದಿನವೂ ಹೋದರು. ಸೊಂಟ ನೆಟ್ಟಗಿಲ್ಲದ ಗಂಡ ಗೋಡೆ ಹಿಡಿದುಕೊಂಡು ಜೊತೆಗೆ ನಿಂತಿದ್ದರು. ಹೇಳಿಕೆ ಬರೆದುಕೊಳ್ಳುವವರೆಗೂ ಜಗ್ಗಲಿಲ್ಲ. ವಾಪಸು ಬರುವಷ್ಟರಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ಜ್ಯಾಕು, ಸಲಾಕೆ, ಅಡುಗೆಯ ಪಾತ್ರೆ ಎಲ್ಲವೂ ಮಳೆ ನೀರಿನಲ್ಲಿ ಬಿದ್ದಿದ್ದವು. ಬಡವರ ಕೋಪ ದವಡೆಗೆ ಮೂಲ ಎಂದು ಆವರಣದವರು ಆಡಿಕೊಂಡು ನಕ್ಕರು. ನಗುವವರಿಗೇನು, ಹಲ್ಲಿಗೆ ಬಾಡಿಗೆಯೇ?

ಅಂದಿನಿಂದ ಈ ಹೊಂಗೆ ಮರವೇ ಅಂಗಡಿ. ಪರಮೇಶ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ. ಬರುವ ಸೋಮವಾರ ಕೋರ್ಟಿನಲ್ಲಿ ಬಂಡೆಮ್ಮನ ಸಾಕ್ಷಿ.

ಮೊನ್ನೆ ಮಾಲೀಕನ ಕಡೆಯವನೊಬ್ಬ ಬಂದಿದ್ದ. ಶೆಡ್ಡು ವಾಪಸು ಕೊಡುತ್ತಾರೆ, ಯಾವ ಗಾಡಿಯೋ ನೆನಪಿಲ್ಲ ಎಂದುಬಿಡು ಸಾಕು ಎಂದ. ನಿಜ ಹೇಳಿದರೆ ಬೋಳು ಟೈರು ಹಾಕಿದವಳು ನೀನೇ ಎಂದು ನಿನ್ನ ಮೇಲೂ ಕೇಸು ಬರುತ್ತದೆ ಎಂದು ಹೆದರಿಸಿಯೂ ನೋಡಿದ. ಬಂಡೆಮ್ಮ ಅವನಿಗೆ ಚಹಾ ತರಿಸಿ ಕೊಟ್ಟು, ಕುಡಿದು ಮುಗಿದ ಮೇಲೆ ಎದ್ದು ಹೋಗೆಂದರು.

ಸೋಮವಾರ ಭಯವಾಗುವುದಿಲ್ಲವೇ ಎಂದು ಕೇಳಿದರೆ, ಅವರು ನಟ್ಟು ಬಿಗಿಯುವುದನ್ನು ನಿಲ್ಲಿಸುವುದಿಲ್ಲ.

"ಹೆದರಿಕಿ ಐತ್ರೀ, ಇಲ್ಲ ಅನ್ನಂಗಿಲ್ಲ. ಆದ್ರ ಮಾಲಕ ಬಿಚ್ಚಲಿಲ್ಲ, ಪರಮೇಶ ಬಿಚ್ಚಲಿಲ್ಲ. ಬಿಚ್ಚಿದ ಕೈ ನಂದು. ನಾ ಹೇಳದಿದ್ರ ಇನ್ಯಾರು ಹೇಳಬೇಕ್ರೀ?"