ಗಾರೆಯ ಕೆಳಗಿನ ಅಳತೆ

ಎಂಬತ್ತರ ದಶಕದ ಆರಂಭದಲ್ಲಿ, ಕಟ್ಟಡದ ಕೆಲಸದಲ್ಲಿ ಜಗಳ ಯಾಕೆ ಬರುತ್ತದೆ, ಹೇಗೆ ಬಗೆಹರಿಯುತ್ತದೆ ಎಂದು ಪ್ರಬಂಧ ಬರೆಯಲು ಹೊರಟಿದ್ದೆ. ತುಮಕೂರಿನಲ್ಲಿ ಬಸ್ಸು ಹತ್ತಿ ಕುಣಿಗಲ್, ಗುಬ್ಬಿ ಸುತ್ತುವುದು, ಜಗಳವಾಡುವವರನ್ನು ಹುಡುಕುವುದು. ಅಂಥವರಿಗೆ ಬರವಿರಲಿಲ್ಲ. ಆ ಅಲೆದಾಟ ನನಗೆ ಬಹಳ ಇಷ್ಟವಾಗಿತ್ತು. ಕೈಯಲ್ಲಿ ಟೈಪ್ ಮಾಡಿಸಿದ ನಲವತ್ತು ಪ್ರಶ್ನೆಗಳಿದ್ದವು. ತಲೆಯಲ್ಲಿ ಅದಕ್ಕಿಂತ ಹೆಚ್ಚು ಜಂಬ.

ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಮಠದ ಅಯ್ಯನವರು ನಡುಮನೆಗೆ ಆಯ ನೋಡಿಕೊಟ್ಟಿದ್ದರು, ಅಂದರೆ ಗೋಡೆಯಿಂದ ಗೋಡೆಗೆ ಇಷ್ಟೇ ಇರಬೇಕೆಂಬ ಶುಭದ ಅಳತೆ. ಗಾರೆ ಕೆಲಸ ಮುಗಿದ ಮೇಲೆ ಯಜಮಾನರು ಅಳೆದು ನೋಡಿದರೆ ಒಂದಂಗುಲ ಕಡಿಮೆ! ಆಯ ಕೆಟ್ಟಿತು, ಗೋಡೆ ಕೆಡವಿ ಎಂದು ಹಟ ಹಿಡಿದರು. ಮೇಸ್ತ್ರಿ ಸಾಬರು ವಯಸ್ಸಾದವರು. ಆಯ ಕೆಡಿಸಿದರೆಂಬ ಮಾತು ಹಬ್ಬಿದರೆ ಊರಲ್ಲಿ ಅವರನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ನಾನು ಹೋದಾಗ ಇಬ್ಬರೂ ಜಗುಲಿಯ ಎರಡು ತುದಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. "ಒಪ್ಪಂದ ಬರಹದಲ್ಲಿತ್ತೇ?" ಎಂದು ಮೂರನೆಯ ಪ್ರಶ್ನೆ ಓದಿದೆ. ಇಬ್ಬರೂ ಒಟ್ಟಿಗೇ ನನ್ನನ್ನು ದುರುಗುಟ್ಟಿ ನೋಡಿದರು. ಅವತ್ತು ಅಲ್ಲಿಯವರೆಗೆ ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ಕೊನೆಗೆ ಸಾಬರು ಎದ್ದು ಒಳಗೆ ನಡೆದರು. ಎದುರುಬದುರು ಗೋಡೆಗಳಲ್ಲಿ ಅಂಗೈಯಗಲ ಗಾರೆಯನ್ನು ಉಳಿಯಿಂದ ಬಿಡಿಸಿ ಇಟ್ಟಿಗೆ ಕಾಣುವಂತೆ ಮಾಡಿದರು.

"ನಮ್ಮಪ್ಪನ ಕಾಲದಿಂದ್ಲೂ ಆಯ ಹಿಡಿಯೋದು ಇಟ್ಟಿಗೆಗೆ ಯಜಮಾನ್ರೇ, ಗಾರೆಗಲ್ಲ. ತಗಳಿ, ಟೇಪಿನ ಆ ತುದಿ ನೀವೇ ಹಿಡೀರಿ."

ಅಷ್ಟು ದಿನದ ಜಗಳದಲ್ಲಿ ಇಬ್ಬರೂ ಬೇರೆ ಬೇರೆ ಅಳೆದಿದ್ದರೇ ಹೊರತು ಒಂದೇ ಟೇಪಿನ ಎರಡು ತುದಿ ಹಿಡಿದಿರಲಿಲ್ಲ. ಯಜಮಾನರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಯ್ಯನವರು ಹೇಳಿದ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮನೆ ನನ್ನದೇ ಏನೋ ಎನ್ನುವಷ್ಟು ಖುಷಿಯಾಯಿತು ನನಗೆ. ಪ್ರಶ್ನೆಗಳ ಹಾಳೆಯನ್ನು ಮಡಚಿ ಜೇಬಿಗಿಟ್ಟೆ.

ಯಜಮಾನರ ಹಳೆಯ ಮನೆಯಿಂದ ಕಾಫಿ ಬಂತು. ಕುಡಿದಾದ ಮೇಲೆ ಸಾಬರು ಬಿಡಿಸಿದ ಜಾಗ ಮುಚ್ಚಲು ಕರಣೆ ತೆಗೆದುಕೊಂಡರು. ಯಜಮಾನರು ಅವರ ಕೈ ಹಿಡಿದು ನಿಲ್ಲಿಸಿದರು.

"ಬುಡಿ ಸಾಬ್ರೇ, ಮುಚ್ಚಬ್ಯಾಡಿ. ಗೃಹಪ್ರವೇಶಕ್ಕೆ ಬಂದೋರಿಗೆಲ್ಲ ತೋರುಸ್ಬೇಕು, ನಮ್ಮ ಮೇಸ್ತ್ರಿ ಅಳತೆ ಹೆಂಗೈತೆ ಅಂತ."